ಬಾಣಂತಿಗೆ ಒಂದೇ ಕಾಲು ಊದಿದೆ, ಮನೆಯಲ್ಲಿ ನಂಜು ಅಂತಿದಾರೆ. ಸೋಮವಾರದವರೆಗೆ ಕಾಯಬಹುದಾ?

ಕೊಬ್ಬರಿತೋಟ | ಶನಿವಾರ ರಾತ್ರಿ 9:40

ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿಯಿಂದ ಬರೀತಿದೀನಿ. ತಂಗಿಗೆ ಸಿಸೇರಿಯನ್ ಆಗಿ ಇವತ್ತಿಗೆ 12 ದಿನ. ಮಗು ಚೆನ್ನಾಗಿದೆ, ಹೊಲಿಗೆನೂ ಒಣಗಿದೆ. ನಿನ್ನೆ ಸಂಜೆಯಿಂದ ಎಡಗಾಲು ಭಾರ ಅಂತಿದ್ಲು. ಮಲಗೇ ಇರ್ತಾಳಲ್ಲ, ಜೋಮು ಹಿಡಿದಿರಬೇಕು ಅಂತ ಸುಮ್ಮನಾದ್ವಿ. ಇವತ್ತು ನೋಡಿದ್ರೆ ಮೀನಖಂಡದಿಂದ ತೊಡೆ ತನಕ ಬಿಗಿದುಕೊಂಡಿದೆ. ಚರ್ಮ ಮಿರಮಿರ ಅಂತಿದೆ, ಮುಟ್ಟಿದ್ರೆ ಬೆಚ್ಚಗೆ. ಬಲಗಾಲಿಗೆ ಏನೂ ಆಗಿಲ್ಲ. ಜ್ವರ ಇಲ್ಲ.

ಸಂಜೆ ಇಲ್ಲೇ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋದ್ವಿ. ಹೆರಿಗೆ ಆದವರಿಗೆ ಕಾಲು ಊದೋದು ಸಹಜ ಅಂತ ಹಚ್ಚೋಕೆ ಮುಲಾಮು ಕೊಟ್ಟು ಕಳಿಸಿದ್ರು. ಅಜ್ಜಿ ಹೇಳೋದು ಇದು ನಂಜು, ಪಥ್ಯ ತಪ್ಪಿದ್ದಕ್ಕೆ ಕಾಲಿಗೆ ಇಳಿದಿದೆ ಅಂತ. ಯಾರೋ ಮೊಸರನ್ನ ಕೊಟ್ಟಿದಾರೆ ಅನ್ನೋದು ಅವಳ ಅನುಮಾನ. (ಯಾರೋ ಅಂದ್ರೆ ನಾನೇ.) ನೀರು ಹಾಕೋಕೆ ಬರೋ ಅಜ್ಜಿ ನಾಳೆ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ಚೆನ್ನಾಗಿ ನೀವ್ತೀನಿ, ಮೂರು ದಿನಕ್ಕೆ ಇಳಿಯುತ್ತೆ ಅಂದಿದಾರೆ. ಸೋಮವಾರ ಹೆರಿಗೆ ಮಾಡಿಸಿದ ಡಾಕ್ಟರು ಸಿಗ್ತಾರೆ. ಅಲ್ಲೀವರೆಗೆ ಕಾಯಬಹುದಾ?

ರಾತ್ರಿಪಾಳಿ | ರಾತ್ರಿ 9:52

ಕಾಯಬೇಡಿ. ಕಾಲು ನೀವಿಸಲೇ ಬೇಡಿ, ಎಣ್ಣೆ ಹಚ್ಚೋ ಅಜ್ಜಿಗೆ ಈಗಲೇ ಬರಬೇಡಿ ಅಂತ ಹೇಳಿಕಳಿಸಿ.

ನಾನು ಸ್ಟಾಫ್ ನರ್ಸ್, 11 ವರ್ಷ ವಾರ್ಡಲ್ಲಿದೀನಿ. ಹೆರಿಗೆ ಆದಮೇಲೆ ಕಾಲು ಊದೋದು ಹೌದು, ಆದರೆ ಆವಾಗ ಎರಡೂ ಊದುತ್ತೆ. ಒಂದೇ ಕಾಲು ಅಂದ್ರೆ ಲೆಕ್ಕ ಬೇರೆ. ಮನೇಲಿ ಹೊಲಿಗೆ ಟೇಪ್ ಇದ್ಯಾ? ಮಂಡಿಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಮೂಳೆ ಒಂಚೂರು ಉಬ್ಬಿರೋದು ಕೈಗೆ ಸಿಗುತ್ತೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಪೆನ್ನಲ್ಲಿ ಗೆರೆ ಹಾಕಿ, ಸುತ್ತಳತೆ ತಗೊಳ್ಳಿ. ಎರಡೂ ಕಾಲಿಗೆ.

ಉಸಿರು ಕಟ್ಟಿದ ಹಾಗೆ ಆಗ್ತಿದ್ಯಾ, ಉಸಿರೆಳೆದಾಗ ಎದೆ ಚುಚ್ಚುತ್ತಾ, ಎದೆ ಡವಡವ ಅಂತಿದ್ಯಾ ಕೇಳಿ. ಇದರಲ್ಲಿ ಒಂದಕ್ಕೆ ಹೌದು ಅಂದ್ರೂ ಟೇಪ್ ಬಿಸಾಕಿ 108 ಕರೀರಿ.

ಕೊಬ್ಬರಿತೋಟ | ರಾತ್ರಿ 10:08

ಎಡ 38.5. ಬಲ 34. ನೀನು ಟೇಪ್ ಸಡಿಲ ಹಿಡಿದಿದೀಯ ಅಂತ ಅಮ್ಮ ಇಸ್ಕೊಂಡು ಅವರೇ ಅಳೆದ್ರು. ಅದೇ ಬಂತು. ಉಸಿರಿಗೆ ತೊಂದರೆ ಇಲ್ಲ ಅಂತಾಳೆ.

ಎದೆಗೂಡು | ರಾತ್ರಿ 10:15

ನಾನು ಮೆಡಿಸಿನ್ ಡಾಕ್ಟರು. ರೋಗಿಯನ್ನ ನೋಡದೆ ಇದೇ ಕಾಯಿಲೆ ಅಂತ ಹೇಳಲ್ಲ, ಆದರೆ 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ, 12 ದಿನದ ಹಿಂದೆ ಆಪರೇಷನ್, ಅದೂ ಎಡಗಾಲು ಅಂದಮೇಲೆ ಬೇರೆ ರೀತಿ ಸಾಬೀತಾಗೋ ತನಕ ಇದು ಕಾಲಿನ ಒಳಗಿನ ದೊಡ್ಡ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರೋದು ಅಂತಲೇ ತಿಳ್ಕೋಬೇಕು. ಡಿವಿಟಿ ಅಂತೀವಿ. ರಾತ್ರಿ ಡಾಪ್ಲರ್ ಸ್ಕ್ಯಾನ್ ಮಾಡೋ ಆಸ್ಪತ್ರೆಗೆ ಹೊರಡಿ, ತುಮಕೂರಿನಲ್ಲಿ ಸಿಗುತ್ತೆ. ಸ್ಕ್ಯಾನ್ ತಡ ಆಗೋ ಹಾಗಿದ್ರೂ ಹೆಪ್ಪು ಬೆಳೆಯದ ಹಾಗೆ ತಡೆಯೋ ಇಂಜೆಕ್ಷನ್ ಮೊದಲು ಶುರು ಮಾಡಬಹುದಾ ಅಂತ ಅಲ್ಲಿನ ಡಾಕ್ಟರನ್ನ ಕೇಳಿ. ಡಿಸ್ಚಾರ್ಜ್ ಸಮರಿ, ತಾಯಿ ಕಾರ್ಡ್ ಮರೀಬೇಡಿ. ಮಗುನೂ ಜೊತೇಲಿ ಕರ್ಕೊಂಡು ಹೋಗಿ, ಹಾಲು ಬಿಡಿಸೋ ಅಗತ್ಯ ಬರಲ್ಲ.

ನೇರನುಡಿ | ರಾತ್ರಿ 10:31

ಎಲ್ಲದಕ್ಕೂ ಸ್ಕ್ಯಾನು, ಎಲ್ಲದಕ್ಕೂ ಇಂಜೆಕ್ಷನ್ನು. ನಮ್ಮಮ್ಮ ಏಳು ಹೆತ್ತಳು, ಒಂದಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. 12 ದಿನದ ಬಾಣಂತೀನ ರಾತ್ರಿ ಹೊತ್ತು ಗಾಳಿಗೆ ಒಡ್ಡಿಕೊಂಡು 70 ಕಿಲೋಮೀಟರ್ ಕರ್ಕೊಂಡು ಹೋಗಿ ಅನ್ನೋರಿಗೆ ಏನು ಹೇಳೋಣ.

ಧಾರವಾಡದಾಕಿ | ರಾತ್ರಿ 10:36

ನಿಮ್ಮವ್ವ ಗಟ್ಟಿ ಇದ್ರು, ಚಲೋ ಆತು. ಗಟ್ಟಿ ಇರಲಾರದಾಕಿ ಇಲ್ಲಿ ಬಂದು ಬರಿಯೂದಿಲ್ಲಲ್ರಿ, ಹಿಂಗಾಗಿ ನಿಮಗ ಆಕಿ ಸುದ್ದಿ ಗೊತ್ತಿಲ್ಲ. ಅಕ್ಕಾರ, ನೀವು ಮೊದಲ ಹೊಂಡ್ರಿ. ಕಿವಿಗೆ ಹತ್ತಿ ಇಟ್ಟು, ತಲಿಗೆ ಸ್ಕಾರ್ಫ್ ಕಟ್ರಿ, ಅಜ್ಜಿಗೂ ಸಮಾಧಾನ ಆಗ್ತದ.

ಕೊಬ್ಬರಿತೋಟ | ಭಾನುವಾರ ಬೆಳಗಿನ ಜಾವ 2:50

ತುಮಕೂರಿನಲ್ಲಿದೀವಿ. ಡಾಪ್ಲರ್ ಆಯ್ತು. ಹೆಪ್ಪು ಇದೆ.

ಸ್ಕ್ಯಾನ್ ಮಾಡೋವಾಗ ಪಕ್ಕದಲ್ಲೇ ನಿಂತಿದ್ದೆ. ಪರದೆ ಮೇಲೆ ಎರಡು ಕಪ್ಪು ದುಂಡು ಕಾಣ್ತಿತ್ತು. ಮಿಡೀತಿರೋದು ಅಪಧಮನಿ, ಪಕ್ಕದ್ದು ಸಿರೆ ಅಂದ್ರು. ಮೊದಲು ಬಲಗಾಲಿಗೆ ಹಿಡಿದು ಆ ಸಾಧನವನ್ನ ಸ್ವಲ್ಪ ಅದುಮಿದ್ರು, ಸಿರೆಯ ದುಂಡು ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಂಡಿತು. ಎಡಗಾಲಲ್ಲಿ ಎಷ್ಟು ಅದುಮಿದ್ರೂ ಮುಚ್ಚಲೇ ಇಲ್ಲ. ಒಳಗೆ ಬೂದು ಬಣ್ಣದ ಏನೋ ತುಂಬಿತ್ತು. ಮಂಡಿ ಹಿಂದಿನಿಂದ ತೊಡೆ ದಾಟಿ ಹೊಟ್ಟೆಯ ಕೆಳಭಾಗದವರೆಗೆ ಹಬ್ಬಿದೆಯಂತೆ. ಹೆಪಾರಿನ್ ಇಂಜೆಕ್ಷನ್ ಹೊಟ್ಟೆ ಚರ್ಮಕ್ಕೆ ಕೊಟ್ಟರು. ದಿನಕ್ಕೆ ಎರಡು ಸಲ.

ಬೆಳಿಗ್ಗೆ ಆರು ಗಂಟೆಗೆ ನೀರು ಹಾಕೋ ಅಜ್ಜಿ ಬರ್ತಿದ್ರು. ಅದನ್ನೇ ಯೋಚಿಸ್ತಾ ಕಾರಿಡಾರಲ್ಲಿ ಕೂತಿದೀನಿ.

ಎದೆಗೂಡು | ಭಾನುವಾರ ಬೆಳಿಗ್ಗೆ 7:20

ಒಳ್ಳೇದಾಯ್ತು. ರಾತ್ರಿ ಅವಸರದಲ್ಲಿ ಕಾರಣ ವಿವರಿಸೋಕೆ ಆಗಲಿಲ್ಲ. ಇವತ್ತು ಓಪಿಡಿ ಇಲ್ಲ, ಕಾಫಿ ಮುಂದಿದೆ, ಸ್ವಲ್ಪ ಉದ್ದ ಬರೀತೀನಿ.

ನಮ್ಮಲ್ಲಿ ಹಾಲಿಗೂ ರಕ್ತಕ್ಕೂ ಹೆಪ್ಪು ಅನ್ನೋ ಪದ ಒಂದೇ. ಹೋಲಿಕೆ ಅರ್ಧ ದಾರಿಯವರೆಗೆ ಸರಿ. ಹಾಲಲ್ಲಿ ಹರಡಿಕೊಂಡಿದ್ದ ಪ್ರೋಟೀನು ಒಂದಕ್ಕೊಂದು ಅಂಟಿ ಮೊಸರಾಗುತ್ತೆ. ರಕ್ತದಲ್ಲಿ ಕರಗಿರೋ ಫೈಬ್ರಿನೋಜೆನ್ ಅನ್ನೋ ಪ್ರೋಟೀನು, ಥ್ರಾಂಬಿನ್ ಅನ್ನೋ ಕಿಣ್ವ ತಗುಲಿದ ಕೂಡಲೇ ಫೈಬ್ರಿನ್ ಎಳೆಯಾಗಿ ಬಲೆ ಹೆಣೆಯುತ್ತೆ. ಆದರೆ ಪಾತ್ರೆಯ ಹಾಲೆಲ್ಲ ಮೊಸರಾಗಬೇಕು. ರಕ್ತ ಹಾಗಲ್ಲ, ಗಾಯ ಆದ ಕಡೆ ಮಾತ್ರ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಹರೀತಾನೂ ಇರಬೇಕು. ಈಳಿಗೆ ಮಣೆ ಬೆರಳಿಗೆ ತಾಗಿದಾಗ ನಡೆಯೋದು ಇದೇ. ಮೊದಲು ಪ್ಲೇಟ್‌ಲೆಟ್‌ಗಳು ಓಡಿಬಂದು ತೂತಿಗೆ ಅಂಟಿಕೊಳ್ತವೆ, ಮೇಲೆ ಫೈಬ್ರಿನ್ ಬಲೆ ಬೀಳುತ್ತೆ, ಕೆಂಪು ಕಣಗಳು ಅದರಲ್ಲಿ ಸಿಕ್ಕಿಹಾಕಿಕೊಳ್ತವೆ. ಗಾಯ ಮಾಯ್ತಾ ಬಂದಾಗ ಪ್ಲಾಸ್ಮಿನ್ ಅನ್ನೋ ಇನ್ನೊಂದು ಕಿಣ್ವ ಬಲೆಯನ್ನ ಕತ್ತರಿಸುತ್ತೆ. ಡಿ-ಡೈಮರ್ ಟೆಸ್ಟ್ ಅಂತ ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ರಲ್ಲ, ಅದು ಅಳೆಯೋದು ಕತ್ತರಿಸಿದ ಈ ಬಲೆಯ ಚೂರುಗಳನ್ನ. ಬಾಣಂತಿಯಲ್ಲಿ ಅದು ಹೇಗೂ ಜಾಸ್ತಿ ಇರುತ್ತೆ, ಹಾಗಾಗಿ ನೇರ ಡಾಪ್ಲರ್ ಅಂದಿದ್ದು.

ಗಾಯ ಇಲ್ಲದ ಕಡೆ ಯಾಕೆ ಹೆಪ್ಪುಗಟ್ಟುತ್ತೆ? 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋವ್ ಈ ಬಗ್ಗೆ ಬರೆದ. ಅವನ ಹೆಸರಲ್ಲಿ ಇವತ್ತಿಗೂ ಮೂರು ಕಾರಣ ಪಾಠ ಮಾಡ್ತೀವಿ. ರಕ್ತ ನಿಂತರೆ, ನಾಳದ ಒಳಗೋಡೆಗೆ ಪೆಟ್ಟಾದರೆ, ರಕ್ತದಲ್ಲೇ ಹೆಪ್ಪುಗಟ್ಟೋ ಗುಣ ಹೆಚ್ಚಾದರೆ. ಬಾಣಂತಿಯಲ್ಲಿ ಮೂರೂ ಒಟ್ಟಿಗೆ ಬಂದು ಕೂರ್ತವೆ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿ.ಲೀ. ರಕ್ತ ಹರೀತಿರುತ್ತೆ. ಮಾಸು ಕಳಚಿದ ಮೇಲೆ ಆ ಬಾಯಿಗಳು ಮುಚ್ಚದಿದ್ರೆ ತಾಯಿ ನಿಮಿಷಗಳಲ್ಲಿ ಹೋಗಿಬಿಡ್ತಾಳೆ. ಅದಕ್ಕೇ ದೇಹ ತಿಂಗಳುಗಳ ಮೊದಲೇ ಫೈಬ್ರಿನೋಜೆನ್ ಏರಿಸಿ, ಹೆಪ್ಪನ್ನ ತಡೆಯೋ ಪ್ರೋಟೀನ್ ಎಸ್ ಇಳಿಸಿ ಸಿದ್ಧವಾಗಿರುತ್ತೆ. ತಾಯಿಯನ್ನ ಉಳಿಸೋಕೆ ಮಾಡಿಕೊಂಡ ಈ ಏರ್ಪಾಡು ಹೆರಿಗೆ ಆದ ದಿನವೇ ಹಿಂದಕ್ಕೆ ಹೋಗಲ್ಲ. ಆರು ವಾರ ಬೇಕು, ಅದರಲ್ಲೂ ಮೊದಲ ವಾರಗಳು ಅಪಾಯದವು. ಸಿಸೇರಿಯನ್ ಆಗಿದ್ರೆ, ಸೋಂಕು ತಗುಲಿದ್ರೆ, ತುಂಬ ರಕ್ತ ಹೋಗಿದ್ರೆ ಇನ್ನೂ ಹೆಚ್ಚು.

ಎಡಗಾಲು ಯಾಕೆ ಅಂದ್ರೆ, ಬಲಗಾಲಿಗೆ ಹೋಗೋ ಅಪಧಮನಿ ಎಡಗಾಲಿಂದ ಬರೋ ಸಿರೆಯ ಮೇಲೇ ಹಾದು ಹೋಗುತ್ತೆ. ತೋಟದ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಬಸುರಿಯಲ್ಲಿ ಗರ್ಭಕೋಶದ ಭಾರವೂ ಸೇರುತ್ತೆ. ಗರ್ಭಿಣಿಯರಲ್ಲಿ ಕಾಣೋ ಡಿವಿಟಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಎಡಗಾಲಲ್ಲೇ.

ಭಯ ಇರೋದು ಕಾಲಿನ ಬಗ್ಗೆ ಅಲ್ಲ. ಸಿರೆಯ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತೆ. ಹೆಪ್ಪಿನ ತುಂಡು ಕಳಚಿಕೊಂಡರೆ ನಿಲ್ಲೋ ಜಾಗ ಅದೇ. ತುಂಡು ದೊಡ್ಡದಿದ್ರೆ ಹೃದಯ ಮುಚ್ಚಿದ ಬಾಗಿಲಿಗೆ ಎದೆಗೊಟ್ಟು ಸೋಲುತ್ತೆ. ಕಾಲು ನೀವಬೇಡಿ ಅಂದಿದ್ದು ಇದಕ್ಕೆ.

ಹೆಪಾರಿನ್ ಹೆಪ್ಪನ್ನ ಕರಗಿಸಲ್ಲ, ಅದು ಮುಂದೆ ಬೆಳೆಯದ ಹಾಗೆ ತಡೆಯುತ್ತೆ. ಕರಗಿಸೋದು ದೇಹವೇ, ನಿಧಾನಕ್ಕೆ. ಹಾಗಾಗಿ ಎರಡು ದಿನದಲ್ಲಿ ಕಾಲು ಇಳಿಯಲಿಲ್ಲ ಅಂತ ಗಾಬರಿ ಆಗಬೇಡಿ.

ಹಳೇಪುಸ್ತಕ | ಭಾನುವಾರ ಬೆಳಿಗ್ಗೆ 9:05

ಅಜ್ಜಿಯ ನಂಜಿನ ಮಾತು ಓದಿ ನೆನಪಾಯ್ತು. ಯುರೋಪಿನಲ್ಲಿ ಈ ಊತಕ್ಕೆ ಬಹಳ ಕಾಲ ‘ಹಾಲುಕಾಲು’ ಅನ್ನೋ ಅರ್ಥದ ಹೆಸರೇ ಇತ್ತು. ಎದೆಯಿಂದ ಬರಬೇಕಾದ ಹಾಲು ದಾರಿ ತಪ್ಪಿ ಕಾಲಿಗೆ ಇಳಿದಿದೆ ಅಂತ ವೈದ್ಯರೇ ನಂಬಿದ್ರು. ಕಾಲು ಬೆಳ್ಳಗೆ ಬಿಳಿಚಿಕೊಂಡು ಊದೋದು ಅದಕ್ಕೆ ಪುರಾವೆ. 1784ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ವೈಟ್ ಬಾಣಂತಿಯರ ಕಾಲೂತದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. 1823ರಲ್ಲಿ ಲಂಡನ್ನಿನ ಡೇವಿಡ್ ಡೇವಿಸ್ ಇದರ ಬೇರು ಸಿರೆಯಲ್ಲಿದೆ ಅಂತ ತೋರಿಸಿದ. ಅಲ್ಲಿ ಹಾಲು, ಇಲ್ಲಿ ನಂಜು. ಅಜ್ಜಿಯನ್ನ ಬೈಯೋಕೆ ಮುಂಚೆ ಇದನ್ನೂ ನೆನೆಸ್ಕೊಳ್ಳಿ.

ನೇರನುಡಿ | ಭಾನುವಾರ ಮಧ್ಯಾಹ್ನ 12:40

ಸರಿ, ಹೆಪ್ಪು ಇದ್ದದ್ದು ನಿಜವಾಯ್ತು. ರಾತ್ರಿ ಹೇಳಿದ್ದು ವಾಪಸ್ ತಗೋತೀನಿ. ಆದ್ರೂ ಒಂದು ಮಾತು. ಬಾಣಂತನ ಅಂದ್ರೆ ದಡ್ಡತನ ಅನ್ನೋ ಹಾಗೆ ಮಾತಾಡೋದು ನನಗೆ ಹಿಡಿಸಲ್ಲ. ಎಣ್ಣೆ ಹಚ್ಚಿ ಹಂಡೆ ನೀರು ಹಾಕಿ, ಮೆಣಸು ಓಮದ ಖಾರ ತಿನ್ನಿಸಿ, ಮೂರು ತಿಂಗಳು ಕೆಲಸ ಮುಟ್ಟಿಸದೆ ನೋಡಿಕೊಳ್ಳೋ ಪದ್ಧತಿ ಬೇರೆ ಎಲ್ಲಿದೆ ತೋರಿಸಿ.

ಎದೆಗೂಡು | ಭಾನುವಾರ ಮಧ್ಯಾಹ್ನ 1:15

ನಿಮ್ಮ ಮಾತು ಒಪ್ತೀನಿ. ಖಾರ, ಸಾಂಬ್ರಾಣಿ ಹೊಗೆ, ಸೊಂಟಕ್ಕೆ ಕಟ್ಟೋ ಬಟ್ಟೆ ಇವುಗಳ ಜೊತೆ ನನಗೆ ಜಗಳ ಇಲ್ಲ (ಹೊಗೆ ಮಗುವಿನ ಮೂಗಿಗೆ ಬೇಡ, ಅಷ್ಟೇ). ನನ್ನ ತಕರಾರು ಎರಡಕ್ಕೆ. ಒಂದು, ಕೆಲಸ ಬೇಡ ಅನ್ನೋದು ಹೋಗಿ ಅಲ್ಲಾಡಲೇಬೇಡ ಅನ್ನೋದಾಗಿದೆ. ನಮ್ಮ ಮುತ್ತಜ್ಜಿಯರಿಗೆ ಸಿಸೇರಿಯನ್ ಆಗ್ತಿರಲಿಲ್ಲ, ಈಗಿನವರಿಗೆ ಆಗಿರುತ್ತೆ. ಇನ್ನೊಂದು, ಕುಡಿಯೋಕೆ ನೀರು ಕೊಡದೇ ಇರೋದು.

ಧಾರವಾಡದಾಕಿ | ಭಾನುವಾರ ಸಂಜೆ 6:10

ನೀರಿನ ಮಾತು ಬಂತಲ್ರಿ, ನಾ ಹೇಳ್ತೇನಿ ಕೇಳ್ರಿ. ಮೊದಲನೇ ಹೆರಿಗಿಗೆ ತವರಮನಿಗೆ ಹೋಗಿದ್ದೆ. ಏಪ್ರಿಲ್ ತಿಂಗಳ ಬಿಸಿಲು. ಹೊರಸಿನ ಮ್ಯಾಲೆ ಮಲಗಿಸಿ ಕೆಳಗ ಕೆಂಡ ಇಟ್ಟಿದ್ರು. ಬೆವರು ಹರದು ಹಾಸಗಿ ತೊಯ್ತಿತ್ತು. ಕುಡಿಲಿಕ್ಕೆ ಮಾತ್ರ ದಿನಕ್ಕ ಎರಡ ವಾಟಗಾ ನೀರು, ಅದೂ ಕಾಸಿ ಆರಿಸಿದ್ದು. ನೀರು ಕುಡದ್ರ ಹೊಟ್ಟಿ ಬರ್ತದ, ಕೂಸಿಗೆ ಥಂಡಿ ಆಗ್ತದ ಅಂತ ಮಾತು. ಅಂಟಿನ ಉಂಡಿ ಬೇಕಾದಷ್ಟು ಕೊಟ್ರು, ಗಂಟಲ ಒಣಗಿ ಅದೂ ಇಳೀತಿರಲಿಲ್ಲ.

ಹತ್ತನೇ ದಿನಕ್ಕ ತಲಿನೋವು ಚಾಲೂ ಆತು. ಅಂಥಾ ಇಂಥಾ ತಲಿನೋವಲ್ಲ, ಬಗ್ಗಿದ್ರ ತಲಿ ಒಡದ ಹೋಗೂ ಹಂಗ. ಎರಡ ದಿನ ಅಮೃತಾಂಜನ ತಿಕ್ಕಿದ್ರು. ಮೂರನೇ ದಿನ ವಾಂತಿ, ಕಣ್ಣು ಮಂಜು. ಆಮ್ಯಾಲೆ ಕೈಕಾಲು ಸೆಟದು ಫಿಟ್ಸ್ ಬಂತಂತ, ನನಗ ನೆನಪಿಲ್ಲ. ಓಣ್ಯಾಗಿನ ಮಂದಿ ಬಾಣಂತಿ ಸನ್ನಿ ಅಂದ್ರು. ತಾಯತ ಕಟ್ಟಿಸೂಣು ಅಂತ ಒಬ್ಬಾಕಿ. ನಮ್ಮ ಕಾಕಾ ಜೀಪ್ ತರಿಸಿ ಹುಬ್ಬಳ್ಳಿಗೆ ಒಯ್ದ. ಎಂಆರ್‌ಐ ಮಾಡಿದ್ರು. ಮಿದುಳಿನ ದೊಡ್ಡ ಸಿರಿಯೊಳಗ ಹೆಪ್ಪು. ಇವತ್ತು ಕುಂತು ಬರಿಯಾಕತ್ತೇನಿ ಅಂದ್ರ ಆ ಜೀಪಿನ ಸಲುವಾಗಿ.

ಎದೆಗೂಡು | ಭಾನುವಾರ ಸಂಜೆ 7:00

ಧಾರವಾಡದ ಅಕ್ಕಾವ್ರೆ, ನೀವು ಬರೆದದ್ದು ಪಾಠದಲ್ಲಿ ಓದೋ ಲಕ್ಷಣಗಳ ಸಾಲಿನ ಹಾಗೇ ಇದೆ. ಮಿದುಳಿನಿಂದ ರಕ್ತ ವಾಪಸ್ ತರೋ ಸಿರೆಗಳು ಮುಚ್ಚಿದಾಗ ಒಳಗೆ ಒತ್ತಡ ಏರುತ್ತೆ. ಮೊದಲು ತಲೆನೋವು, ಆಮೇಲೆ ವಾಂತಿ, ದೃಷ್ಟಿ ಮಂಜು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲೋದು. ನಮ್ಮ ದೇಶದ ಎಳೆ ವಯಸ್ಸಿನ ಹೆಂಗಸರ ಪಾರ್ಶ್ವವಾಯುವಿಗೆ ಇದೊಂದು ದೊಡ್ಡ ಕಾರಣ ಅಂತ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳ ಹಿಂದೆಯೇ ಬರೆದಿದಾರೆ. ನೀರು ಕಡಿಮೆ ಆದ ದೇಹ, ಸೋಂಕು, ರಕ್ತಹೀನತೆ ಇವೆಲ್ಲ ಅದಕ್ಕೆ ಕೈಜೋಡಿಸ್ತವೆ.

ಸನ್ನಿ ಅಂತ ಕರೆದ ಎಲ್ಲವೂ ಇದೇ ಆಗಿತ್ತು ಅಂತಲ್ಲ. ಸೋಂಕಿನ ಜ್ವರ, ಹೆರಿಗೆ ನಂತರದ ಮಾನಸಿಕ ಕಾಯಿಲೆ, ಬಿಪಿ ಏರಿ ಬರೋ ಫಿಟ್ಸ್ ಎಲ್ಲವನ್ನೂ ಆ ಒಂದೇ ಪದದಡಿ ಹಾಕಿದ್ರು. ಆದರೆ ಯಾವುದಕ್ಕೂ ತಾಯತ ಔಷಧಿ ಅಲ್ಲ. ಬಾಣಂತಿಗೆ ಬಿಡದೆ ಹೆಚ್ಚಾಗ್ತಿರೋ ತಲೆನೋವು ಅಂದ್ರೆ ಅವತ್ತೇ ಆಸ್ಪತ್ರೆ.

ವಿಚಿತ್ರ ಏನಂದ್ರೆ, ಈ ಕಾಯಿಲೆಯಲ್ಲಿ ಸಿರೆ ಕಟ್ಟಿಕೊಂಡು ಮಿದುಳಿನಲ್ಲಿ ಸ್ವಲ್ಪ ರಕ್ತಸ್ರಾವ ಆಗಿದ್ರೂ ಕೊಡೋದು ಹೆಪಾರಿನ್ನೇ. ಮನೆಯವರಿಗೆ ಅದನ್ನ ಒಪ್ಪಿಸೋದು ಒಂದು ಸಾಹಸ.

ಆಶಾಅಕ್ಕ | ಭಾನುವಾರ ರಾತ್ರಿ 8:30

ನಾವು ಆಸ್ಪತ್ರೆ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಹೋಗ್ತೀವಿ. ಮಗು ತೂಕ, ಹೊಕ್ಕಳು, ಹಾಲು ಎಲ್ಲ ನೋಡ್ತೀವಿ. ನಿಜ ಹೇಳ್ತೀನಿ, ತಾಯಿಯ ಎರಡೂ ಕಾಲು ಜೋಡಿಸಿ ನೋಡೋ ಅಭ್ಯಾಸ ನನಗೆ ಇರಲಿಲ್ಲ. 42ನೇ ದಿನ ಅಂದ್ರೆ ಡಾಕ್ಟರು ಹೇಳಿದ ಆರು ವಾರನೇ ಆಯ್ತು ನೋಡಿ.

ಕೊಬ್ಬರಿತೋಟ | 9 ದಿನದ ನಂತರ

ಡಿಸ್ಚಾರ್ಜ್ ಆಯ್ತು. ಕಾಲು ಮುಕ್ಕಾಲು ಪಾಲು ಇಳಿದಿದೆ. ಎರಡನೇ ದಿನದಿಂದಲೇ ಎಬ್ಬಿಸಿ ನಡೆಸಿದ್ರು. ಹೆಪಾರಿನ್ ಜೊತೆಗೇ ಹೆಪ್ಪು ತಡೆಯೋ ಅಸಿಟ್ರಾಮ್ ಮಾತ್ರೆ ಶುರು ಮಾಡಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ನೋಡೋ ಟೆಸ್ಟು, ತಡ ಆದಷ್ಟೂ ಅಂಕಿ ಏರುತ್ತಂತೆ) 2 ದಾಟಿದ ಮೇಲೆ ಇಂಜೆಕ್ಷನ್ ನಿಲ್ಲಿಸಿದ್ರು. ಈಗ ಮಾತ್ರೆ ಮಾತ್ರ, ದಿನಾ ಸಂಜೆ. ಮೂರು ತಿಂಗಳು.

ಈಗ ಹೊಸ ತಲೆನೋವು. ಯಾರೋ ಸೊಪ್ಪು ಮುಟ್ಟಲೇಬೇಡಿ ಅಂದಿದಾರೆ. ಬಾಣಂತಿಗೆ ಹಾಲು ಇಳೀಲಿ ಅಂತ ಸಬ್ಬಸಿಗೆ, ರಕ್ತ ಆಗಲಿ ಅಂತ ನುಗ್ಗೆ, ಇದೇ ಅಲ್ವಾ ಕೊಡೋದು? ಸೊಪ್ಪು ಬಿಟ್ಟರೆ ಅಜ್ಜಿಗೆ ಅಡುಗೆಯೇ ಮರೆತು ಹೋಗುತ್ತೆ.

ಕುಂದಾಪ್ರದಮಾಣಿ | 9 ದಿನದ ನಂತರ

ಈ ವಿಷಯ ನನಗೆ ಬಿಡಿ. 14 ವರ್ಷದಿಂದ ಅಸಿಟ್ರಾಮ್ ತಿನ್ನುತ್ತಿದ್ದೇನೆ. ಸಣ್ಣವನಿದ್ದಾಗ ಬಂದ ಕೀಲುಜ್ವರ ಹೃದಯದ ಕವಾಟ ಹಾಳು ಮಾಡಿತ್ತು, ಈಗ ಎದೆಯಲ್ಲಿರುವುದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು ಮಾಡಿದ್ದು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದ್ದಂತೆ. ರಾತ್ರಿ ಫ್ಯಾನ್ ನಿಲ್ಲಿಸಿದರೆ ಟಕ್ ಟಕ್ ಅಂತ ಕೇಳುತ್ತದೆ. ಹೆಂಡತಿಗೆ ಈಗ ಅದು ಕೇಳದಿದ್ದರೆ ನಿದ್ದೆ ಬರುವುದಿಲ್ಲ ಮಾರಾಯ್ರೆ.

ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರಲ್ಲ, ಅದು ತಪ್ಪು ಹೆಸರು. ರಕ್ತ ಸಾರಿನ ಹಾಗೆ ನೀರಾಗುವುದಿಲ್ಲ. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನು ತಯಾರಿಸಲಿಕ್ಕೆ ಲಿವರಿಗೆ ವಿಟಮಿನ್ ಕೆ ಬೇಕು. ಈ ಮಾತ್ರೆ ಆ ವಿಟಮಿನ್ನಿಗೆ ಅಡ್ಡ ಹಾಕುತ್ತದೆ. ವಿಟಮಿನ್ ಕೆ ಇರುವುದು ಹಸಿರು ಸೊಪ್ಪಿನಲ್ಲಿ. ಹಾಗಾಗಿ ತಕ್ಕಡಿಯ ಒಂದು ತಟ್ಟೆಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಸೊಪ್ಪು. ಸೊಪ್ಪು ಬಿಡಬೇಕಂತ ಇಲ್ಲ, ಅಳತೆ ಬದಲಾಗಬಾರದು ಅಷ್ಟೇ. ವಾರಕ್ಕೆ ಎರಡು ದಿನ ತಿನ್ನುವವರು ಪ್ರತಿ ವಾರವೂ ಎರಡೇ ದಿನ ತಿನ್ನಿ, ಡಾಕ್ಟರು ಅದಕ್ಕೆ ಸರಿಯಾಗಿ ಮಾತ್ರೆ ಹೊಂದಿಸುತ್ತಾರೆ.

ನನ್ನ ಎಡವಟ್ಟು ಕೇಳಿ. ಒಂದು ಮಳೆಗಾಲ ಅತ್ತೆ ಮನೆಗೆ ಹೋದೆ. ಒಂದು ವಾರ ಕೆಸುವಿನ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಬಸಳೆ ಹುಳಿ. ಅಳಿಯನಿಗೆ ಬೇಡ ಅನ್ನಲಿಕ್ಕೆ ಬಾಯಿ ಬರಬೇಕಲ್ಲ. ವಾಪಸ್ ಬಂದು ನೋಡಿದರೆ ಐಎನ್‌ಆರ್ 1.6, ನನಗೆ ಇರಬೇಕಾದದ್ದು 2.5ರಿಂದ 3.5. ಡಾಕ್ಟರು ಬೈದದ್ದು ಪತ್ರೊಡೆಗಿಂತ ಖಾರ ಇತ್ತು. ಇನ್ನೊಮ್ಮೆ ಹಲ್ಲುನೋವಿಗೆ ಮೆಟ್ರೊನಿಡಜೋಲ್ ಬರೆಸಿಕೊಂಡೆ, ಅಸಿಟ್ರಾಮ್ ವಿಷಯ ಹೇಳಲಿಲ್ಲ. ಐದನೇ ದಿನ ಹಲ್ಲುಜ್ಜುವಾಗ ಬಾಯಿ ತುಂಬ ರಕ್ತ, ಐಎನ್‌ಆರ್ 6 ದಾಟಿತ್ತು. ಸೊಪ್ಪಿಗಿಂತ ಮೆಡಿಕಲ್ ಶಾಪಿನ ಕೌಂಟರ್ ಡೇಂಜರ್. ನೋವಿನ ಮಾತ್ರೆ ನೀವಾಗಿ ತೆಗೆದುಕೊಳ್ಳಬೇಡಿ, ಮರೆತ ಮಾತ್ರೆಗೆ ಮರುದಿನ ಎರಡು ನುಂಗಬೇಡಿ.

ಎದೆಗೂಡು | 9 ದಿನದ ನಂತರ

ಮಾಣಿಯವರ ಮಾತಿಗೆ ಸಹಿ ಹಾಕ್ತೀನಿ. ತಂಗಿಗೆ ಗುರಿ 2ರಿಂದ 3. ಮಗುವಿಗೆ ಹಾಲು ಕೊಡಬಹುದು, ಈ ಮಾತ್ರೆ ಎದೆಹಾಲಿಗೆ ಬರೋದು ನಗಣ್ಯ. ರಿವರಾಕ್ಸಬಾನ್, ಎಪಿಕ್ಸಬಾನ್ ಅಂತ ಐಎನ್‌ಆರ್ ಬೇಡದ ಹೊಸ ಮಾತ್ರೆಗಳಿವೆ, ಯಾರಾದ್ರೂ ಅದನ್ನ ಕೇಳಿ ಅಂತಾರೆ. ಹಾಲುಣಿಸೋ ತಾಯಿಗೆ ಅವು ಬೇಡ. ಮಾಣಿಯವರಂಥ ಲೋಹದ ವಾಲ್ವ್ ಇರೋರಿಗೂ ಅಲ್ಲ.

ನೀಲಿಮುಚ್ಚಳ | 10 ದಿನದ ನಂತರ

ಲ್ಯಾಬ್ ಟೆಕ್ನಿಷಿಯನ್ ಕಡೆಯಿಂದ ಒಂದು ಸಣ್ಣ ವಿಷಯ. ಐಎನ್‌ಆರ್‌ಗೆ ರಕ್ತ ಹಾಕೋದು ನೀಲಿ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಟ್ಯೂಬಿನ ಮೇಲೆ ಗೆರೆ ಇರುತ್ತೆ. ನರ ಸಿಗಲಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿದ್ರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಸುಳ್ಳು ಸುಳ್ಳೇ ಮೇಲೆ ತೋರಿಸಬಹುದು. ಆ ಸುಳ್ಳನ್ನ ನಂಬಿ ಮಾತ್ರೆ ಇಳಿಸಿದ ಪೇಷಂಟನ್ನ ನೋಡಿದೀನಿ. ಗೆರೆವರೆಗೆ ತುಂಬಿದ್ಯಾ ಅಂತ ನೀವೇ ಒಮ್ಮೆ ಕಣ್ಣು ಹಾಯಿಸಿ, ನಾವೇನೂ ಬೇಜಾರು ಮಾಡ್ಕೊಳ್ಳಲ್ಲ.

ಹಳೇಪುಸ್ತಕ | 10 ದಿನದ ನಂತರ

ಆ ಮಾತ್ರೆಯ ಮೂಲ ದನದ ಕೊಟ್ಟಿಗೆ ಅಂದ್ರೆ ನಂಬ್ತೀರಾ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯ್ತಿದ್ದವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕಡಸು, ಅದೇ ಹುಲ್ಲು, ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಹಿಮದಲ್ಲಿ ಮ್ಯಾಡಿಸನ್‌ನ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ತಂಡ ವರ್ಷಗಟ್ಟಲೆ ದುಡಿದು ಹುಲ್ಲಿನಲ್ಲಿದ್ದ ವಸ್ತು ಬೇರ್ಪಡಿಸಿತು. ಅದರ ಸೋದರ ವಸ್ತುವೇ ವಾರ್ಫರಿನ್. 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ ಅದನ್ನೇ ಕೊಟ್ಟರು. ಅಸಿಟ್ರಾಮ್ ಅದೇ ಬಳಗದ್ದು.

ನೇರನುಡಿ | 10 ದಿನದ ನಂತರ

ಇಲಿ ಪಾಷಾಣ ಅಂತ ಅಜ್ಜಿ ಮುಂದೆ ಮಾತ್ರ ಹೇಳಬೇಡಿ ಸ್ವಾಮಿ.

ಮಲ್ಲೇಶ್ವರಂಅಮ್ಮ | 11 ದಿನದ ನಂತರ

ಓದಿ ಭಯ ಆಯಿತು. ಮಗಳ ಬಾಣಂತನಕ್ಕೆ ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟಿದ್ದೇನೆ, 63 ವಯಸ್ಸು, 20 ಗಂಟೆಗೂ ಮೇಲೆ ಪ್ರಯಾಣ. ಒಂದು ಆಸ್ಪಿರಿನ್ ನುಂಗಿ ಹತ್ತಿದರೆ ಸಾಕು ಅಂತ ನಾದಿನಿ ಹೇಳುತ್ತಾಳೆ. ಹೌದೇ?

ಎದೆಗೂಡು | 11 ದಿನದ ನಂತರ

ಬೇಡಮ್ಮ. ಆಸ್ಪಿರಿನ್ ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುತ್ತೆ. ಹೃದಯದ, ಮಿದುಳಿನ ಅಪಧಮನಿಯ ಹೆಪ್ಪಿಗೆ ಅದರ ಉಪಯೋಗ ಹೆಚ್ಚು. ಸಿರೆಯ ಹೆಪ್ಪು ಮುಖ್ಯವಾಗಿ ಫೈಬ್ರಿನ್ ಬಲೆಯದು, ಪ್ರಯಾಣಕ್ಕಂತ ನುಂಗಿದ್ರೆ ಹೊಟ್ಟೆ ಉರಿಯೋದೇ ಲಾಭ. ನಡುದಾರಿಯ ಪಕ್ಕದ ಸೀಟು ಕೇಳಿ, ಗಂಟೆಗೊಮ್ಮೆ ಎದ್ದು ಓಡಾಡಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಹಿಂಡಿದಾಗಲೇ ಸಿರೆಯ ರಕ್ತ ಮೇಲಕ್ಕೆ ಹೋಗೋದು. ಶೌಚಕ್ಕೆ ಹೋಗಬೇಕಾಗುತ್ತೆ ಅಂತ ನೀರು ಬಿಡಬೇಡಿ. ಮೊದಲು ಎಂದಾದ್ರೂ ಹೆಪ್ಪು ಆಗಿದ್ರೆ, ಕ್ಯಾನ್ಸರ್ ಚಿಕಿತ್ಸೆ ನಡೀತಿದ್ರೆ, ಈಚೆಗೆ ಮಂಡಿ ಆಪರೇಷನ್ ಆಗಿದ್ರೆ ಟಿಕೆಟ್‌ಗಿಂತ ಮೊದಲು ನಿಮ್ಮ ಡಾಕ್ಟರನ್ನ ನೋಡಿ.

ರಾತ್ರಿಪಾಳಿ | 11 ದಿನದ ನಂತರ

ಕೊಬ್ಬರಿತೋಟದವರೇ, ಯಾರೂ ಹೇಳದ ಒಂದು ವಿಷಯ. ಇನ್ನು ಮುಂದೆ ತಂಗಿ ಈಸ್ಟ್ರೋಜೆನ್ ಇರೋ ಗರ್ಭನಿರೋಧಕ ಗುಳಿಗೆ ತಗೋಬಾರದು, ಆ ಹಾರ್ಮೋನು ಹೆಪ್ಪುಗಟ್ಟೋ ಗುಣ ಹೆಚ್ಚಿಸುತ್ತೆ. ಮಾಲಾ-ಎನ್, ಮಾಲಾ-ಡಿ ಎರಡರಲ್ಲೂ ಅದಿದೆ. ಕಾಪರ್-ಟಿ ಹಾಕಿಸಬಹುದು.

ಇನ್ನೊಂದು, ಗೃಹಪ್ರವೇಶ ಇದೆ, ವರಮಹಾಲಕ್ಷ್ಮಿ ಇದೆ ಅಂತ ಮುಟ್ಟು ಮುಂದೂಡೋ ಮಾತ್ರೆ. ನೊರೆಥಿಸ್ಟೆರಾನ್ ಅದು, ಈಸ್ಟ್ರೋಜೆನ್ ಅಲ್ಲ. ಆದರೆ ದೇಹದಲ್ಲಿ ಅದರ ಒಂದು ಪಾಲು ಈಸ್ಟ್ರೋಜೆನ್ ಆಗಿ ಬದಲಾಗುತ್ತೆ. ಹೆಪ್ಪಿನ ಇತಿಹಾಸ ಇರೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು. ಚೀಟಿ ಇಲ್ಲದೆ ಕೊಡೋ ಅಂಗಡಿಗಳು ಬೇಕಾದಷ್ಟಿವೆ, ಅತ್ತೆಯಂದಿರೇ ತಂದು ಕೊಡ್ತಾರೆ. ಹಬ್ಬ ಮುಂದಿನ ವರ್ಷವೂ ಬರುತ್ತೆ.

ಕೊಬ್ಬರಿತೋಟ | ಮೂರೂವರೆ ತಿಂಗಳ ನಂತರ

ಕೇಳ್ತಿದ್ದೋರಿಗೆಲ್ಲ ಒಂದೇ ಉತ್ತರ ಬರೀತಿದೀನಿ. ಡಾಕ್ಟರು ಹೋದ ವಾರ ಅಸಿಟ್ರಾಮ್ ನಿಲ್ಲಿಸಿದ್ರು. ಸೊಪ್ಪಿಗೆ ಮಂಗಳವಾರ, ಶುಕ್ರವಾರ ಅಂತ ದಿನ ಗೊತ್ತು ಮಾಡಿದ್ವಿ. ಐಎನ್‌ಆರ್ ಒಂದು ಸಲ ಮಾತ್ರ 1.8ಕ್ಕೆ ಇಳಿದಿತ್ತು. ವಿಚಾರಿಸಿದ್ರೆ ಗುರುವಾರ ಬಸ್ಸಾರು ನಡೆದಿತ್ತು. ಸಂಜೆ ಹೊತ್ತಿಗೆ ಎಡ ಪಾದ ಇನ್ನೂ ಸ್ವಲ್ಪ ಊದುತ್ತೆ, ಒತ್ತು ಸಾಕ್ಸ್ ಹಾಕಿದ್ರೆ ಹಗುರ ಅನ್ನುತ್ತಂತೆ. ಮುಂದಿನ ಸಲ ಬಸುರಿಯಾದರೆ ಮೊದಲ ತಿಂಗಳೇ ಬಂದು ತೋರಿಸಿ, ಹೆಪಾರಿನ್ ಬೇಕಾಗುತ್ತೆ ಅಂತ ಡಿಸ್ಚಾರ್ಜ್ ಚೀಟಿ ಮೇಲೆ ಕೆಂಪು ಇಂಕಲ್ಲಿ ಬರೆದು ಕೊಟ್ಟಿದಾರೆ.

ಅಜ್ಜಿ ಈಗಲೂ ನಂಜು ಅಂತಲೇ ಅನ್ನೋದು. ಆದ್ರೆ ಹೋದ ತಿಂಗಳು ಪಕ್ಕದ ಮನೆಯ ಬಾಣಂತಿ ಕಾಲು ಭಾರ ಅಂದಾಗ ಹೊಲಿಗೆ ಡಬ್ಬಿಯಿಂದ ಟೇಪ್ ತಗೊಂಡು ಹೋದವಳು ಅವಳೇ.

ರಾತ್ರಿಪಾಳಿ | ಮೂರೂವರೆ ತಿಂಗಳ ನಂತರ

ಎಷ್ಟು ಬಂತು?

ಕೊಬ್ಬರಿತೋಟ | ಮೂರೂವರೆ ತಿಂಗಳ ನಂತರ

ಅರ್ಧ ಸೆಂ.ಮೀ. ವ್ಯತ್ಯಾಸ. ಅಜ್ಜಿ ಮೂರು ಸಲ ಅಳೆದಳು.